ನಾಲ್ಕು ಹೆಜ್ಜೆ ಗಿಡ್ಡವಾದ ಬೀದಿ

ನನ್ನ ಸೋದರಮಾವ ಇಪ್ಪತ್ತಾರು ವರ್ಷ ಡಾಂಬರು ರಸ್ತೆಗಳ ಮೇಲೆ ಬಿಳಿ ಗೆರೆ ಎಳೆದವನು. ದಾರ ಕಟ್ಟದೆಯೇ ನೆಟ್ಟಗೆ ನಡೆಯುತ್ತಿದ್ದ. ಊರಿನವರು ಅವನ ಹೆಸರು ಮರೆತು ಗೆರೆರಾಯ ಎಂದೇ ಕರೆದರು. ಮನೆಯಲ್ಲೂ ಅದೇ ಕಾಟ. ಚಪ್ಪಲಿಗಳು ಸಾಲಾಗಿರಬೇಕು, ಒಣಹಾಕಿದ ಅಂಗಿಗಳ ತೋಳು ಒಂದೇ ಮಟ್ಟಕ್ಕೆ ಇಳಿದಿರಬೇಕು. "ನಡಿಗೆ ನೆಟ್ಟಗಿದೆ, ಬುದ್ಧಿ ಮಾತ್ರ ಸ್ವಲ್ಪ ಓರೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅವಳ ಮಾತನ್ನು ನಾವು ಆಗಲೇ ನಂಬಬೇಕಿತ್ತು.

ಗೆರೆ ಎಳೆಯುವ ಯಂತ್ರ ಬಂದು ಮಾವನ ಕೆಲಸ ಹೋಯಿತು. ಮೂರು ತಿಂಗಳು ಮನೆಯಲ್ಲಿ ಕೂತು ಎಲ್ಲರ ತಲೆ ತಿಂದ. ಅಷ್ಟರಲ್ಲಿ ನೆಲದಡಿ ನೋಡುವವರ ತಂಡವೊಂದು ಬಂತು. ನಮ್ಮದು ಹಳೆಯ ಊರು. ಇದರ ಕೆಳಗೆ ಇನ್ನೂ ಹಳೆಯ ಊರೊಂದು ಹೂತುಹೋಗಿದೆಯಂತೆ. ಅಗೆಯದೆಯೇ ಅದನ್ನು ಹುಡುಕಲು ಅವರ ಬಳಿ ರೇಡಾರ್ ಗಾಡಿಯಿತ್ತು. ಅದನ್ನು ತಳ್ಳುತ್ತ ಹೋದರೆ, ಕೆಳಗೆ ಗೋಡೆಯಿದೆಯೋ ಟೊಳ್ಳಿದೆಯೋ ಎಂಬುದು ಹಿಡಿಕೆಯ ಬಳಿಯ ಪರದೆಯಲ್ಲಿ ಮೂಡುತ್ತದೆ. ಎಷ್ಟು ದೂರ ಬಂದೆವೆಂದು ಎಣಿಸುವುದು ಹಿಂದಿನ ಚಕ್ರ, ಅದು ಉರುಳದಿದ್ದರೆ ಪರದೆಯಲ್ಲಿ ಏನೂ ಮೂಡದು. ಬೀದಿಯುದ್ದಕ್ಕೂ ಮೊಳಕ್ಕೊಂದರಂತೆ ನೆಟ್ಟನೆಯ ಸಾಲುಗಳಲ್ಲಿ ತಳ್ಳಬೇಕು. ತಂಡದವರು ತಳ್ಳಿದರೆ ಸೊಟ್ಟಸೊಟ್ಟವಾಗುತ್ತಿತ್ತು. ತಂಡದ ಮುಖ್ಯಸ್ಥೆ ಇಂಜಿನಿಯರಮ್ಮ ಮಾವನನ್ನು ಒಂದು ಸಲ ನಡೆಸಿ ನೋಡಿದಳು, ಅಂದೇ ಕೆಲಸ ಕೊಟ್ಟಳು. ಮಾವನ ಜಂಬ ಹೇಳತೀರದು.

ಆದರೆ ಒಂದು ಪೇಚಿತ್ತು. ಟೊಳ್ಳು ಸಿಕ್ಕಿದ ಕಡೆ ಬೇಲಿ ಹಾಕುತ್ತಿದ್ದರು, ಮೇಲಿನ ಅಂಗಡಿಯನ್ನು ಎತ್ತಿಸುತ್ತಿದ್ದರು. ಹಿಂದಿನ ಬೀದಿಯ ಗಡಿಯಾರ ರಿಪೇರಿಯವನು ಹಾಗೆಯೇ ಜಾಗ ಕಳೆದುಕೊಂಡು, ಗಿರಾಕಿಗಳ ಕಣ್ಣಿಗೇ ಬೀಳದಂಥ ಮೂಲೆ ಸೇರಿದ್ದ.

ಮುಂದಿನ ಸರದಿ ನನ್ನ ಅಮ್ಮನ ಬೀದಿಯದು. ಬ್ಯಾಂಕಿನ ಪಕ್ಕದ ತಗಡಿನ ಡಬ್ಬಿ ಅಂಗಡಿಯಲ್ಲಿ ಅಮ್ಮ ಬೀಗದ ಕೈ ಮಾಡುತ್ತಾಳೆ. ಅದೇ ಡಬ್ಬಿಯಲ್ಲಿ ದುಡಿದು ಮೊದಲು ತಮ್ಮನಾದ ಈ ಮಾವನನ್ನು ಸಾಕಿದಳು, ಆಮೇಲೆ ನನ್ನನ್ನು. ಅದರ ಮುಂದೆ ಗಾಡಿ ಬಂದದ್ದೇ ತಡ, ಪರದೆಯ ಮೇಲೆ ದೊಡ್ಡದೊಂದು ಟೊಳ್ಳು ಕಾಣಿಸಿತು. ಹಜಾರದಷ್ಟಿತ್ತಂತೆ. ಮಾವ ಅತ್ತಿತ್ತ ನೋಡಿದ. ಗಾಡಿಯಲ್ಲಿ ದಾಖಲಾಗಿದ್ದ ಆ ಸಾಲನ್ನು ಅಳಿಸಿ, ಮೊದಲಿನಿಂದ ತಳ್ಳುತ್ತ ಬಂದು, ಅಂಗಡಿಯ ಮುಂದೆ ಹಿಡಿಕೆಯನ್ನು ತುಸು ಎತ್ತಿದ. ಚಕ್ರ ಗಾಳಿಯಲ್ಲಿತ್ತು. ನಾಲ್ಕು ಹೆಜ್ಜೆ ದಾಟಿ ಇಳಿಸಿದ. ಗಾಡಿ ಪಾಪ, ತಾನು ನಿಂತಲ್ಲೇ ನಿಂತಿದ್ದೇನೆ ಎಂದುಕೊಂಡಿತು. ಹನ್ನೊಂದು ಸಾಲಿನಲ್ಲೂ ಹಾಗೆಯೇ ಮಾಡಿದ, ಪ್ರತಿ ಸಲವೂ ಅದೇ ನಾಲ್ಕು ಹೆಜ್ಜೆ. ಕಳ್ಳತನದಲ್ಲೂ ಅಷ್ಟು ಅಚ್ಚುಕಟ್ಟು.

"ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ. ನಿಮ್ಮಮ್ಮನಿಗೆ ಹೇಳ್ಬೇಡ" ಎಂದು ಸಂಜೆ ನನ್ನ ಹತ್ತಿರ ಕೊಚ್ಚಿಕೊಂಡ. ನಾನೂ ಹೇಳಲಿಲ್ಲ. ನನಗೂ ಖುಷಿಯೇ ಆಗಿತ್ತು.

ವಾರ ಕಳೆದ ಮೇಲೆ ನಾನು ಅಮ್ಮನಿಗೆ ಊಟದ ಡಬ್ಬಿ ತಂದಾಗ, ಇಂಜಿನಿಯರಮ್ಮ ನಕ್ಷೆ ಹಿಡಿದು ಬೀದಿಯ ತುದಿಯಿಂದ ಟೇಪು ಎಳೆಸುತ್ತಿದ್ದಳು. ಟೇಪಿನ ತುದಿ ಹಿಡಿದವನು ಮಾವನೇ. ಅಮ್ಮನ ಅಂಗಡಿಯ ಮುಂದೆ ನಿಂತು ಆಕೆ ಸೀಮೆಸುಣ್ಣದಿಂದ ಗುರುತು ಹಾಕಿದಳು.

"ಇಲ್ಲಿ ಹಳೇ ನೀರಿನ ತೊಟ್ಟಿ ಇದೆ. ಸೋಮವಾರ ಅಂಗಡಿ ಎತ್ತಬೇಕಾಗುತ್ತೆ, ಅಮ್ಮ."

ಮಾವ ಇಂಗು ತಿಂದ ಮಂಗನಂತಾದ. ಈ ತೊಟ್ಟಿ ಅವನು ಮರೆಮಾಚಿದ ಟೊಳ್ಳಲ್ಲ, ಬೇರೆಯದೇ; ಅದು ನಿಜವಾಗಿ ಇದ್ದದ್ದು ನಾಲ್ಕು ಹೆಜ್ಜೆ ಮುಂದೆ, ಬ್ಯಾಂಕಿನೆದುರು. ಇವನು ನಕ್ಷೆಯಲ್ಲಿ ಬೀದಿಯನ್ನು ಗಿಡ್ಡ ಮಾಡಿದ್ದರಿಂದ ಅದು ಹಿಂದೆ ಸರಿದು, ನೇರವಾಗಿ ತನ್ನ ಅಕ್ಕನ ಹೊಸ್ತಿಲಿಗೇ ಬಂದು ಕೂತಿತ್ತು. ತಾನು ತೋಡಿದ ಹಳ್ಳ ಎಂದರೆ ಇದೇ. ನನಗೆ ನಗು ಬಂತು, ಮರುಕ್ಷಣವೇ ಅಮ್ಮನತ್ತ ನೋಡಿ ಅದನ್ನು ನುಂಗಿಕೊಂಡೆ.

"ಇಲ್ಲಲ್ಲ ಮೇಡಂ. ಆ ತೊಟ್ಟಿ ಬ್ಯಾಂಕಿನ ಮುಂದೆ ಇರೋದು" ಎಂದ ಮಾವ.

"ನಿಮಗೆ ಹೇಗೆ ಗೊತ್ತು?"

"ನಾನು... ಚಕ್ರ ಎತ್ತಿದ್ದೆ."

"ಎಲ್ಲಿ?"

ಮಾವನ ಕಣ್ಣು ತನ್ನ ಅಕ್ಕನ ಅಂಗಡಿಯತ್ತ ಹೊರಳಿತು. ಇಂಜಿನಿಯರಮ್ಮನ ಮುಖ ಬಿಗಿಯಾಯಿತು. "ಇದಕ್ಕೆ ಕೆಲಸ ಹೋಗುತ್ತೆ, ಗೊತ್ತಾ ನಿಮಗೆ?"

ಅಮ್ಮ ಸುತ್ತಿಗೆ ಕೆಳಗಿಟ್ಟಳು. "ಚಕ್ರ ಎತ್ತು ಅಂದಿದ್ದು ನಾನೇ."

ಆ ಗಳಿಗೆಯವರೆಗೆ ಚಕ್ರದ ಸಂಗತಿ ಅವಳಿಗೆ ತಿಳಿದೇ ಇರಲಿಲ್ಲ.

"ಕೆಳಗೆ ಟೊಳ್ಳಿದೆ. ಮೂವತ್ತು ವರ್ಷದಿಂದ ಇಲ್ಲಿ ಸುತ್ತಿಗೆ ಹೊಡೀತಿದೀನಿ, ಸದ್ದು ಕೇಳಿದ್ರೆ ಗೊತ್ತಾಗಲ್ವಾ? ಅಂಗಡಿ ಬೇಕಾದ್ರೆ ಎತ್ತಿಸಿ. ಕೆಲಸದಿಂದ ತೆಗೆಯೋದಾದ್ರೆ ಮಾತ್ರ ನನ್ನನ್ನ ತೆಗೀರಿ."

"ನೀವು ನಮ್ಮಲ್ಲಿ ಕೆಲಸಕ್ಕೇ ಇಲ್ವಲ್ಲಮ್ಮ."

"ಹಾಗಾದ್ರೆ ಸರಿಹೋಯ್ತು. ಯಾರನ್ನೂ ತೆಗೆಯೋದು ಬೇಡ."

"ಅಕ್ಕಾ, ನನಗೋಸ್ಕರ ಸುಳ್ಳು ಹೇಳ್ಬೇಡ" ಎಂದ ಮಾವ.

"ನೀನು ಸುಮ್ನಿರೋ. ಸುಳ್ಳು ಹೇಳೋಕ್ಕೂ ಒಂದು ಯೋಗ್ಯತೆ ಬೇಕು."

ಇಂಜಿನಿಯರಮ್ಮ ನಗು ತಡೆಯಲಾರದೆ ನಕ್ಷೆಯ ಹಿಂದೆ ಮುಖ ಮರೆಸಿಕೊಂಡಳು. ಕೊನೆಗೆ ಮಾವನನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ಒಂದು ಷರತ್ತು ಹಾಕಿದಳು. ಹನ್ನೊಂದು ಸಾಲನ್ನೂ ಮತ್ತೆ ತಳ್ಳಬೇಕು, ಚಕ್ರ ಕಾಯಲು ಒಬ್ಬರು ಜೊತೆಗಿರಬೇಕು. "ನಾನೇ ಕಾಯ್ತೀನಿ" ಎಂದಳು ಅಮ್ಮ.

ಮರುದಿನ ಬೆಳಿಗ್ಗೆ ಇಬ್ಬರೂ ಬೀದಿಯ ತುದಿಯಿಂದ ಹೊರಟರು. ಅಂಗಡಿಯ ಮುಂದೆ ಬಂದಾಗ ಮಾವನ ಕೈ ತಾನಾಗಿಯೇ ಮೇಲೇಳತೊಡಗಿತು. ಅಮ್ಮ ಅದರ ಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿದಳು. ಚಕ್ರ ನೆಲ ಬಿಡಲಿಲ್ಲ. ಪರದೆಯ ಈ ತುದಿಯಿಂದ ಆ ತುದಿಗೆ ಟೊಳ್ಳು ತೆರೆದುಕೊಂಡಿತು. ತನ್ನ ಅಂಗಡಿಯನ್ನು ನುಂಗಲಿದ್ದ ಅದನ್ನು ಅಮ್ಮ ಒಂದು ಗಳಿಗೆ ನೋಡಿದಳು, ಆಮೇಲೆ ತಮ್ಮನ ಮುಖ ನೋಡಿದಳು.

"ಅಳ್ಬೇಡ್ವೋ, ಸಾಲು ಸೊಟ್ಟ ಆಗುತ್ತೆ" ಎಂದಳು. ಇನ್ನೂ ಹತ್ತು ಸಾಲು ಬಾಕಿ ಇದ್ದವು.