ಮಂಕು ಚುಕ್ಕಿ

ಕಟ್ಟೆಮಳಲವಾಡಿಯ ಪವಿತ್ರಾ ಸಮುದ್ರ ನೋಡಿದ್ದೇ ಕೆಲಸಕ್ಕೆ ಸೇರಿದ ಮೇಲೆ. ಅಂಥವಳನ್ನು ಕರಾವಳಿಯ ಕಾವಲು ಕೇಂದ್ರವೊಂದರಲ್ಲಿ ಉಪಗ್ರಹದ ಚಿತ್ರ ಓದಲು ಕೂರಿಸಿದ್ದಾರೆಂದು ತಿಳಿದಾಗ ನಾವೆಲ್ಲ ಬಾಯಿಗೆ ಬಂದಂತೆ ಗೇಲಿ ಮಾಡಿದೆವು. ಪಕ್ಕದ ಮನೆಯವನಾದ ನಾನೇ ಅದರಲ್ಲಿ ಮೊದಲಿಗ, ಒಪ್ಪಿಕೊಳ್ಳುತ್ತೇನೆ.

ಅವಳ ಕಣ್ಣು ಪಳಗಿದ್ದು ಹೊಗೆಸೊಪ್ಪಿನಲ್ಲಿ. ಸೊಪ್ಪು ಒಣಗಿಸುವ ಬಿಸಿಮನೆಯಾದ ಬ್ಯಾರನ್ನಿನಲ್ಲಿ ಹದವಾದ ಎಲೆಗಳನ್ನು ಬಣ್ಣ ನೋಡಿ ವಿಂಗಡಿಸುವುದರಲ್ಲಿ ತಾಯಿ ಚಿಕ್ಕಬೀರಮ್ಮನದು ಎತ್ತಿದ ಕೈ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಹೊಳೆಯುವ ಹಳದಿ ಎಲೆ ಮೇಲ್ದರ್ಜೆ, ಮಂಕಾದದ್ದು ಕೆಳದರ್ಜೆ.

2023ರಲ್ಲಿ ಆ ಕೇಂದ್ರದಲ್ಲಿ ಪುಟ್ಟ ಉಪಗ್ರಹಗಳ ಪ್ರಯೋಗ ನಡೆದಿತ್ತು. ದೊಡ್ಡ ಉಪಗ್ರಹ ಅದೇ ಜಾಗಕ್ಕೆ ಮತ್ತೆ ಬರಲು ದಿನಗಟ್ಟಲೆ ಬೇಕು. ಇವು ಒಂದರ ಹಿಂದೊಂದು ಬಂದು, ಮೋಡ ಕವಿದಿದ್ದರೂ ರೇಡಾರ್ ಚಿತ್ರ ಕಳಿಸುತ್ತಿದ್ದವು. ಕಪ್ಪು ನೀರಿನ ಮೇಲೆ ಬಿಳಿ ಚುಕ್ಕಿಗಳು. ಯಾವುದು ದೋಣಿ, ಯಾವುದು ಅಲೆ ಎಂದು ಹೇಳುವುದು ಪವಿತ್ರಾಳ ಕೆಲಸ.

ಮೊದಲ ಸಲವೇ ಎಡವಿದಳು. ದೋಣಿ ಹುಡುಕು ಎಂದರೆ ಎಲ್ಲಕ್ಕಿಂತ ಹೊಳೆಯುವ ಚುಕ್ಕಿಗೆ ಗುರುತು ಹಾಕಿದಳು. ಹೊಗೆಸೊಪ್ಪಿನ ಬುದ್ಧಿ, ಇನ್ನೇನು! ಹಡಗು ಹೋಗಿ ನೋಡಿದರೆ ಅದು ದಾರಿ ತೋರಲು ಲಂಗರು ಹಾಕಿ ತೇಲಿಬಿಟ್ಟಿದ್ದ ಕಬ್ಬಿಣದ ಪೀಪಾಯಿ.

ಮರುವಾರ ನಾಲ್ವರಿದ್ದ ಮರದ ದೋಣಿಯೊಂದು ಎಂಜಿನ್ ಕೆಟ್ಟು ಕಾಣೆಯಾಯಿತು. ಗಾಳಿ ಎದ್ದಿತ್ತು, ಸಂಜೆಯೊಳಗೆ ಸಿಗದಿದ್ದರೆ ಅವರು ಉಳಿಯುವುದು ಕಷ್ಟ. ಹುಡುಕಲು ಇದ್ದದ್ದು ಒಂದೇ ಹಡಗು. ಬೆಳಿಗ್ಗೆಯಿಂದ ಮೂರು ಚಿತ್ರ ಬಂದಿದ್ದವು, ಎಲ್ಲರೂ ಕೊನೆಯದನ್ನೇ ದಿಟ್ಟಿಸುತ್ತಿದ್ದರು. ಪವಿತ್ರಾಳಿಗೆ ಅಮ್ಮನ ಗದರಿಕೆ ನೆನಪಾಯಿತು: "ಒಂದೇ ಎಲೆ ನೋಡಿ ಯೋಳ್‌ಬ್ಯಾಡ ಕಣವ್ವ, ಪಕ್ಕದಲ್ಲಿ ಇನ್ನೆರಡ ಮಡಗಿ ನೋಡು."

ಮೂರನ್ನೂ ಅಚ್ಚು ಹಾಕಿಸಿ ಕಿಟಕಿಯ ಬೆಳಕಿನಲ್ಲಿ ಸಾಲಾಗಿ ಹರಡಿದಳು. ಅಲೆಯ ಚುಕ್ಕಿ ಒಂದರಲ್ಲಿದ್ದರೆ ಇನ್ನೊಂದರಲ್ಲಿಲ್ಲ. ಪೀಪಾಯಿಗಳು ಮೂರರಲ್ಲೂ ಇದ್ದಲ್ಲೇ ಇದ್ದವು. ಒಂದು ಮಂಕು ಚುಕ್ಕಿ ಮಾತ್ರ ಮೂರರಲ್ಲೂ ಇದ್ದು, ಎಂಜಿನ್ ಇಲ್ಲದೆ ಗಾಳಿಗೆ ತೇಲುವಂತೆ ತುಸು ತುಸುವೇ ದಕ್ಷಿಣಕ್ಕೆ ಸರಿದಿತ್ತು.

"ಇದೇ ಸಾರ್," ಎಂದಳು.

ಅಧಿಕಾರಿ ಸಾಗರ್ ಬಗ್ಗಿ ನೋಡಿದರು. "ಇದು ಸರಿಯಾಗಿ ಕಾಣಿಸೋದೇ ಇಲ್ವಲ್ಲಮ್ಮ. ಮತ್ತೆ ತಪ್ಪಾದರೆ?"

ಅವಳಿಗೆ ರೇಗಿತು, ಊರ ಮಾತೇ ಹೊರಬಿತ್ತು. "ಮರದ ದೋಣಿ ಮಂಕಾಗೇ ಕಾಣ್ತದೆ ಸಾರ್. ತಪ್ಪಾದ್ರೆ ನಾಳಿಂದ ನಾನು ಕೆಲ್ಸಕ್ಕೆ ಬರಾಕಿಲ್ಲ. ಈಗ ಹಡಗು ಕಳ್ಸಿ!"

ಹಡಗು ಹೊರಟಿತು. ಮೂರು ಗಂಟೆ ಅವಳು ನೀರನ್ನೂ ಮುಟ್ಟಲಿಲ್ಲ. ಕೊನೆಗೆ ವೈರ್‌ಲೆಸ್‌ನಲ್ಲಿ ಸುದ್ದಿ ಬಂತು: ದೋಣಿ ಸಿಕ್ಕಿದೆ, ನಾಲ್ವರೂ ಬದುಕಿದ್ದಾರೆ.

ಮಾರನೆಯ ದಿನ ಅವಳ ಫೋನ್ ಬಂದಾಗ ನಾನು ಅವರ ಜಗಲಿಯಲ್ಲೇ ಇದ್ದೆ. ಸ್ಪೀಕರಿನಲ್ಲಿ ಎಲ್ಲ ಕೇಳಿಸಿತು. ಚಿಕ್ಕಬೀರಮ್ಮ ಎಲೆ ವಿಂಗಡಿಸುತ್ತಲೇ ಕೇಳಿಸಿಕೊಂಡರು. ಹೊಗಳಲಿಲ್ಲ.

"ನಾಕು ಜನಾನೂವೆ ಮನೆ ಸೇರ್ಕಂಡ್ರಾ?"

"ಸೇರ್ಕಂಡ್ರು ಕಣವ್ವ."

ಆಗ ಚಿಕ್ಕಬೀರಮ್ಮನ ಕೈ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕಕ್ಕೆಸೆದಿದ್ದ ಮಂಕು ಎಲೆಗಳ ರಾಶಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೊಮ್ಮೆ ನೋಡತೊಡಗಿದರು.