ಮೇಣವಿಲ್ಲದ ಜಿಂಕೆ

ನನ್ನ ಸೋದರತ್ತೆ ಉತ್ಸಿಯಮಾಳಷ್ಟು ಮೊಂಡು ಹೆಂಗಸು ನಮ್ಮ ಬೆಟ್ಟದಲ್ಲಿ ಇನ್ನೊಬ್ಬಳಿಲ್ಲ. ಸೋರೆ ಬುರುಡೆಯ ಬಟ್ಟಲಿಗೆ ಜೇನುಮೇಣ ಸವರಿ, ಸಾಸಿವೆ ಗಾತ್ರದ ಮಣಿಗಳನ್ನು ಸೂಜಿಯ ತುದಿಯಲ್ಲಿ ಎತ್ತಿ ಒತ್ತುತ್ತ ನಲವತ್ತು ವರ್ಷ ಕಳೆದವಳು. ಒಂದೊಂದು ಮಣಿಯನ್ನೂ ಒಂದೊಂದು ಪ್ರಾರ್ಥನೆಯ ಮಾತು ಹೇಳಿ ಕೂರಿಸಬೇಕು ಎಂಬುದು ಅವಳಿಗೆ ತಾಯಿ ಕಲಿಸಿದ ಪಾಠ.

ಮೊಮ್ಮಗಳು ತುರಾಮಾ ಜ್ವರದಲ್ಲಿ ಕಣ್ಣು ಮೇಲೆ ಮಾಡಿದಾಗ ಅತ್ತೆ ಹರಕೆ ಹೊತ್ತಿದ್ದಳು: ಐದು ವರ್ಷ, ವರ್ಷಕ್ಕೊಂದು, ಮಣಿಯಲ್ಲಿ ಜಿಂಕೆ ಮೂಡಿಸಿದ ಬಟ್ಟಲು. ಮಗು ಉಳಿಯಿತು. ನಾಲ್ಕು ಬಟ್ಟಲು ಗುಡಿ ಸೇರಿದವು. ಐದನೆಯ ವರ್ಷ ಅತ್ತೆಯ ಕಣ್ಣು ಕೈಕೊಟ್ಟಿತು. ಇನ್ನೊಬ್ಬರ ಕೈಯಲ್ಲಿ ಮಾಡಿಸುವಂತಿಲ್ಲ. ಹರಕೆ ತಪ್ಪಿದರೆ ಅದು ಮಗುವಿನ ತಲೆಗೇ ಸುತ್ತಿಕೊಳ್ಳುತ್ತದೆ ಎಂಬ ಭಯ ಅವಳನ್ನು ಅರೆಯುತ್ತಿತ್ತು.

ತೆಪಿಕ್ ಪಟ್ಟಣದಲ್ಲಿ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದನ್ನು ಕಲಿತಿದ್ದ ನಾನು, ನನ್ನ ಟ್ಯಾಬ್ ತಂದು ಅವಳ ಮಡಿಲಲ್ಲಿಟ್ಟೆ. ಬೆರಳು ಮುಟ್ಟಿಸಿದಲ್ಲಿ ಒಂದೊಂದು ಬಣ್ಣದ ಮಣಿ ಕೂರುತ್ತಿತ್ತು; ಎರಡು ಬೆರಳಿನಿಂದ ಹಿಗ್ಗಿಸಿದರೆ ಆ ಮಣಿ ಟೊಮೆಟೊ ಹಣ್ಣಿನಷ್ಟಾಯಿತು.

"ಥೂ, ಮೇಣದ ವಾಸನೆನೇ ಇಲ್ವಲ್ಲೇ ಇದಕ್ಕೆ!"

"ಮೂಸೋಕಲ್ಲ ಅತ್ತೆ, ನೋಡೋಕೆ ತಂದಿರೋದು."

ಬಟ್ಟಲಿನ ಬದಲು ಇದು ಆದೀತೇ ಎಂದು ಕೇಳಿದಾಗ, ಗುಡಿಯಲ್ಲಿ ಹಾಡುವ ಹಿರಿಯ ಹಾಕತೆಮಾಯ್ ಟ್ಯಾಬಿನ ಗಾಜನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ನಂಗೇನು ಗೊತ್ತು? ಇಟ್ಟು ನೋಡಣ. ಬೇಕೋ ಬೇಡ್ವೋ, ದೇವರೇ ಹೇಳ್ಲಿ" ಎಂದ.

ಎರಡು ವಾರ ಅತ್ತೆ ಬಗ್ಗಿದ ತಲೆ ಎತ್ತಲಿಲ್ಲ. ನಮ್ಮತ್ತ ಮುಖ ಮಾಡಿ ನಿಂತ ಜಿಂಕೆಯ ಬಲಭಾಗ ಮುಗಿದಾಗ, ಪಾಪ, ದಣಿದಿದ್ದಾಳೆಂದು ನಾನೇ ಒಂದು ಗುಂಡಿ ಒತ್ತಿದೆ. ಎಡಭಾಗ ಕನ್ನಡಿಯಲ್ಲಿ ಕಂಡ ಹಾಗೆ ತಾನಾಗಿಯೇ ಮೂಡಿತು. ಶಹಭಾಸ್ ಎನ್ನುತ್ತಾಳೆಂದು ನಾನು ಕಾಯುತ್ತಿದ್ದೆ.

"ಈ ಕಡೆ ಮಣಿಗಳ್ನೆಲ್ಲ ಯಾರೇ ಮಾತು ಹೇಳಿ ಕೂರ್ಸಿದ್ದು?"

"ಯಾರೂ ಇಲ್ಲ. ನೋಡೋರಿಗೆ ಗೊತ್ತಾಗಲ್ಲ ಬಿಡು ಅತ್ತೆ."

"ನೋಡೋರಿಗೆ ಹರಕೆ ಹೊತ್ತಿದ್ನೇನೇ ನಾನು? ಅಳಿಸು!"

ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಅಳಿಸಿದೆ. ಅತ್ತೆ ಮತ್ತೆ ಕೂತಳು. ಇನ್ನೆರಡು ವಾರ ಬೆರಳು ಗಾಜಿನ ಮೇಲೆ, ತುಟಿಯಲ್ಲಿ ಪಿಸುಮಾತು. ನನ್ನನ್ನು ಹತ್ತಿರಕ್ಕೂ ಸೇರಿಸಲಿಲ್ಲ.

ಹಬ್ಬದ ಬೆಳಗ್ಗೆ ಗುಡಿಯಲ್ಲಿ ಮೋಂಬತ್ತಿಗಳ ನಡುವೆ ಟ್ಯಾಬನ್ನು ಇಟ್ಟೆವು. ಜಿಂಕೆ ನೀಲಿ ಹಳದಿಯಾಗಿ ಬೆಳಗುತ್ತಿತ್ತು. ಹಾಕತೆಮಾಯ್ ಹಾಡಿದ. ಹಾಡಿನ ಕೊನೆಯ ಸಾಲು ಮುಗಿಯುತ್ತಿದ್ದಂತೆ ಗಾಜು ಕಪ್ಪಾಯಿತು.

ಅತ್ತೆಯ ಎದೆ ಒಡೆದೇಹೋಯಿತು. "ಒಲ್ಲೆ ಅಂದ್ಬಿಟ್ರು!" ಎಂದು ತುರಾಮಾಳನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದಳು. ಚಾರ್ಜ್ ಮುಗಿದಿದೆ ಎನ್ನಲು ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಹಿರಿಯ ಗಾಜಿನ ಮೇಲೆ ಕೈಯಾಡಿಸಿ ನಕ್ಕುಬಿಟ್ಟ. "ಹುಚ್ಚಿ, ಅಳ್ತಾರೇನೇ ಇದಕ್ಕೆ? ಬಟ್ಟಲಲ್ಲಿಟ್ಟ ಪ್ರಾರ್ಥನೇನ ದೇವರು ಕುಡೀತಾರೆ ತಾನೇ? ಇದನ್ನೂ ಕುಡಿದ್ರು. ಒಂದು ಹನಿನೂ ಉಳಿಸಿಲ್ಲ ನೋಡು!"

ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಅವನು ಹೇಳಿದ್ದೇ ನಿಜವಿರಬಹುದೆಂದು ಈಗಲೂ ಅಂದುಕೊಂಡಿದ್ದೇನೆ.

ಅತ್ತೆ ಆ ಕಪ್ಪು ಗಾಜನ್ನು ಬೆರಳಿಂದ ಸವರಿ ನೋಡಿದಳು. ಆಮೇಲೆ ಮಗುವಿನ ನೆತ್ತಿಗೆ ಮುತ್ತಿಟ್ಟು, "ಹರಕೆ ತೀರ್ತು ಕಣೇ ಕಂದಾ. ಇನ್ನು ಆ ಸಾಲಕ್ಕೆ ನಿನ್ನನ್ನ ಯಾರೂ ಕೇಳಲ್ಲ" ಎಂದಳು.

"ಹಂಗಾದ್ರೆ ಆಡ್ಕೊಳ್ಳೋಕೆ ಹೋಗ್ಲಾ?" ಎಂದಳು ತುರಾಮಾ.

"ಹೋಗೇ, ಓಡು!" ಎಂದು ಅತ್ತೆ ಅವಳನ್ನು ಬಳಸಿದ್ದ ತೋಳು ಸಡಿಲಿಸಿದಳು.