ಮಾಳುವಿನ ಚಾನೆಲ್ಲೂ ಮಾಯವ್ವನ ಸೊಂಟವೂ

ಕಾರು ಹಂಪ್ಸಿನ ಮೇಲೆ ಹೊಟ್ಟೆ ಊರಿ ಕೂತರೆ ಏನು ಮಾಡಬೇಕೆಂದು ಕಪ್ಪು ಕನ್ನಡಕದ ಆ ಹುಡುಗ ಹೇಳಿರಲಿಲ್ಲ. ಉಳಿದದ್ದೆಲ್ಲ ಹೇಳಿದ್ದ. ಯಾವುದೋ ಬೆಟ್ಟದ ತಿರುವಿನಲ್ಲಿ, ಮಂಜಿನ ನಡುವೆ ಕಾರು ಓಡಿಸುತ್ತ, ನನ್ನ ಕಣ್ಣಲ್ಲೇ ಕಣ್ಣಿಟ್ಟು, ಸ್ಟೇರಿಂಗಿನ ಮೃದುತ್ವ, ಸೀಟಿನ ಹೊಲಿಗೆ, ಬಾಗಿಲು ಮುಚ್ಚುವಾಗಿನ ಸದ್ದು, ಒಂದನ್ನೂ ಬಿಡದೆ ವಿವರಿಸಿದ್ದ. ಆ ವಿಡಿಯೋ ನಾನು ಎಷ್ಟು ಸಲ ನೋಡಿದ್ದೆನೆಂದರೆ, ಕಾರು ಮನೆಗೆ ಬರುವ ಮೊದಲೇ ಅದರ ಮೇಲೆ ಬೇಸರ ಹುಟ್ಟಿತ್ತು.

2017ರ ಕಬ್ಬಿನ ಹಂಗಾಮು. ಜಮಖಂಡಿಯಿಂದ ಗಲಗಲಿಗೆ ಹೊರಟಿದ್ದೆವು: ನಾನು, ಹೆಂಡತಿ ಗಂಗಾಂಬಿಕಾ, ಅತ್ತೆ ಭಾಗವ್ವ, ಹೆಂಡತಿಯ ತಮ್ಮ ವೀರೇಶ. ದಾರಿಯಲ್ಲಿ ಒಂದು ಹಳ್ಳಿ. ಕಬ್ಬಿನ ಟ್ರ್ಯಾಕ್ಟರುಗಳ ಹಾವಳಿಗೆ ಬೇಸತ್ತ ಜನ ತಾವೇ ಮಣ್ಣು, ಜಲ್ಲಿ ಸುರಿದು ಒಂದು ಹಂಪ್ಸ್ ಕಟ್ಟಿದ್ದರು. ರಸ್ತೆಗೆ ಅಡ್ಡ ಎಮ್ಮೆ ಮಲಗಿದ ಹಾಗಿತ್ತು. ನಮ್ಮ ಕಾರು ಅದರ ನೆತ್ತಿ ಏರಿತು, ಇಳಿಯಲಿಲ್ಲ. ಅತ್ತೆ ಇಳಿದರು, ಕಾರು ಅಲುಗಲಿಲ್ಲ. ಹೆಂಡತಿ ಇಳಿದಳು. ವೀರೇಶ ಇಳಿದ. ಕಟ್ಟೆಯ ಮೇಲೆ ಕೂತವರು ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಕೊನೆಗೆ ನಾನು ಇಳಿದೆ. ಇಳಿದದ್ದೇ ತಡ, ಕಾರು ನಿಟ್ಟುಸಿರು ಬಿಟ್ಟಂತೆ ಮೇಲೆದ್ದು, ತಾನೇ ಹಂಪ್ಸ್ ಇಳಿದು, ರಸ್ತೆಬದಿಯ ಜೋಳದ ಕಣಿಕೆ ಬಣವೆಗೆ ಮೂಗು ತಾಗಿಸಿ ನಿಂತಿತು.

"ತಪ್ಪೆಲ್ಲಾ ಗಾಡೀದಲ್ಲ ಬಿಡೋ ಮಾರಾಯಾ" ಎಂದಿತು ಕಟ್ಟೆಯ ಮೇಲಿನ ಒಂದು ದನಿ.

ಎಲ್ಲರೂ ನಕ್ಕರು, ನನ್ನ ಅತ್ತೆಯನ್ನೂ ಸೇರಿಸಿ. ಬೈಕಿನ ಮೇಲೆ ಕಾಲೂರಿ ನಿಂತಿದ್ದ ಮೂವತ್ತರ ಆಸುಪಾಸಿನ ಒಬ್ಬ ಮಾತ್ರ ನಗಲಿಲ್ಲ. ಅವನ ಮುಖ ಮೂರು ಊರಿನ ಮದುವೆಗೆ ನೀರು ಹೊತ್ತವನ ಮುಖದ ಹಾಗೆ ದಣಿದಿತ್ತು.

"ಸರ, ಯಾರ ಮಾತ ಕೇಳಿ ತಗೊಂಡ್ರಿ ಇದನ್ನ?"

"ಮೊಬೈಲಿನ್ಯಾಗ ಒಬ್ಬ ಹೇಳಿದ್ನಪಾ."

"ಅಂವಗ ಅತ್ತಿ ಅದಾರೇನ್ರಿ?"

"ಯಾರಿಗ್ಗೊತ್ತು."

"ವಿಡಿಯೋದಾಗ ಯಾವಾಗ್ಲೂ ಒಬ್ಬನ ಕುಂತಿರ್ತಾನ್ರಿ" ಎಂದ. "ಒಬ್ಬನ ಕುಂತ್ರ ಎಲ್ಲಾ ಗಾಡೀನೂ ಛಲೋನ ಇರ್ತಾವ."

ಹಿಪ್ಪರಗಿಯ ಮಾಳುವಿನ ಪರಿಚಯ ನನಗಾದದ್ದು ಹೀಗೆ. ಅವನೂ ಕಾರುಗಳ ಬಗ್ಗೆ ವಿಡಿಯೋ ಮಾಡುವವನೇ ಎಂದು ಗೊತ್ತಾದದ್ದು ಮುಂದಿನ ವಾರ, ಹಂಪ್ಸುಗಳ ಕುರಿತ ಅವನ ವಿಡಿಯೋದಲ್ಲಿ ಬಣವೆಯ ಪಕ್ಕ ನನ್ನ ಬೆನ್ನು ಕಾಣಿಸಿಕೊಂಡಾಗ. ಮುಖ ಕಂಡರೆ ನಮಸ್ಕಾರ ಮಾಡದ, ನಾನು ಪಾಠ ಹೇಳುವ ಕಾಲೇಜಿನ ಹುಡುಗರು ಅಂದಿನಿಂದ ನನ್ನ ಬೆನ್ನು ಕಂಡರೆ ನಮಸ್ಕಾರ ಮಾಡತೊಡಗಿದರು.

ಮಾಳುವಿನದು ಕುರಿ ಕಾಯ್ದ ಮನೆತನ, ಬೀರೇಶ್ವರನ ಒಕ್ಕಲು. ನದಿಗೆ ಬ್ಯಾರೇಜು ಬಂದು, ಕುರಿ ಮೇಯುತ್ತಿದ್ದ ಕಡೆಯೆಲ್ಲ ಕಬ್ಬು ಎದ್ದು ನಿಂತ ಮೇಲೆ ಕುರಿಗಳು ಹೋದವು. ಮಾಳು ಸ್ಟೇರಿಂಗು ಹಿಡಿದ. ಸಕ್ಕರೆ ಕಾರ್ಖಾನೆಯ ಜೀಪು ಓಡಿಸಿದ, ಮದುವೆ ದಿಬ್ಬಣಗಳಿಗೆ ಬಾಡಿಗೆ ಗಾಡಿ ಓಡಿಸಿದ. ಇಂಟರ್ನೆಟ್ಟು ಸೋವಿಯಾಗಿ ಕೈಕೈಗೆ ಬಂದ ವರ್ಷ ಯಾರೋ ಗೆಳೆಯರು ಹುರಿದುಂಬಿಸಿದ್ದಕ್ಕೆ ಚಾನೆಲ್ ತೆರೆದ. ಊರಿನವರ ಕಾರುಗಳನ್ನೇ ಎರವಲು ತಂದು ನೋಡಿ ಹೇಳುವುದು ಅವನ ಕೆಲಸ.

ಹೇಳುವುದು ಎಂದೆನೇ? ಅವನು ಹೇಳುತ್ತಿದ್ದದ್ದು ಬಹಳ ಕಡಿಮೆ. "ಬಂದೇವ್ರಿ. ಇನ್ನೊಂದು ಗಾಡಿ ಬಂದೈತಿ" ಎಂದು, ಮನೆಗೆ ಇನ್ನೊಬ್ಬ ಬೀಗ ಬಂದ ಹಾಗೆ ನಿಟ್ಟುಸಿರಿಟ್ಟು ಶುರು ಮಾಡುತ್ತಿದ್ದ. ಬಾನೆಟ್ ಎತ್ತಿ ಒಂದು ಗಳಿಗೆ ನೋಡಿ, "ಇದರಾಗ ಏನೇನೈತೋ ನನಗ ಗೊತ್ತಿಲ್ರಿ" ಎಂದು ಮುಚ್ಚುತ್ತಿದ್ದ. ಹಿಂದಿನ ಸೀಟಿನಲ್ಲಿ ಇಳಕಲ್ ಸೀರೆಯ ತಾಯಿ ಮಾಯವ್ವ. ಗಾಡಿ ಹೊಲದ ದಾರಿಯಲ್ಲಿ ಹೋಗಿ ಬರುತ್ತಿತ್ತು. ತಾಯಿ ಇಳಿಯುತ್ತಿದ್ದಳು. ಕೆಲವು ಸಲ "ನಿದ್ದಿ ಹತ್ತಿತ್ತಪಾ" ಎನ್ನುತ್ತಿದ್ದಳು, ಕೆಲವು ಸಲ ಏನೂ ಅನ್ನದೆ ಸೊಂಟ ಹಿಡಿದು ಬೇಲಿಯ ಕಡೆ ಹೋಗಿ ಕೂತುಬಿಡುತ್ತಿದ್ದಳು. ವಿಡಿಯೋ ಮುಗಿಯಿತು.

ಇದನ್ನು ಮುಧೋಳ, ಬೀಳಗಿ, ಬನಹಟ್ಟಿಯ ಜನ ಮುಗಿಬಿದ್ದು ನೋಡುತ್ತಿದ್ದರು. ನಾನು ಯೋಚಿಸಿದ್ದುಂಟು, ಯಾಕೆ ಎಂದು. ಕಪ್ಪು ಕನ್ನಡಕದವನನ್ನು ನಾನು ನಂಬಿದ್ದು ಅವನು ನನ್ನ ಹಾಗಿರಲಿಲ್ಲವೆಂಬ ಕಾರಣಕ್ಕೆ. ತೆಳ್ಳಗಿದ್ದ, ಇಂಗ್ಲಿಷ್ ಆಡುತ್ತಿದ್ದ, ಬೆಟ್ಟದಲ್ಲಿದ್ದ. ಆ ಕಾರು ಕೊಂಡರೆ ನಾನೂ ತೆಳ್ಳಗಾಗಿ ಬೆಟ್ಟದಲ್ಲಿರುತ್ತೇನೆಂದು ಮನಸ್ಸಿನ ಯಾವುದೋ ಮೂಲೆ ಲೆಕ್ಕ ಹಾಕಿತ್ತು. ಅವನಿಗೆ ಕಾರು ಕೊಟ್ಟವರೇ ಊಟ ವಸತಿಯನ್ನೂ ಕೊಟ್ಟಿರುತ್ತಾರೆಂದು ವೀರೇಶ ಬಡಿದುಕೊಂಡಿದ್ದ. ಬೀಗರ ಮನೆಯಲ್ಲಿ ಹೋಳಿಗೆ ಉಂಡು ಸಾರಿಗೆ ಉಪ್ಪಿಲ್ಲ ಅನ್ನುವವರು ಯಾರು? ಆದರೆ ಹೆಂಡತಿಯ ತಮ್ಮ ಹೇಳಿದ್ದನ್ನು ಯಾವ ಗಂಡಸು ಕೇಳಿದ್ದಾನೆ. ಮಾಳು ಹಾಗಲ್ಲ. ಅವನಿಗೆ ಏನನ್ನೂ ಮಾರುವ ಹುರುಪಿರಲಿಲ್ಲ. ದಣಿದ ಮನುಷ್ಯ ಸುಳ್ಳು ಹೇಳುವಷ್ಟು ಶ್ರಮ ತೆಗೆದುಕೊಳ್ಳಲಾರನೆಂದು ಜನ ನಂಬಿದ್ದರು.

ಅವನಿಗೊಂದು ಕಟ್ಟಳೆಯಿತ್ತು. ಗಾಡಿಯ ಯಜಮಾನನ ಮನೆಯೆದುರು ನಿಂತು ಒಂದಕ್ಷರ ಆಡುತ್ತಿರಲಿಲ್ಲ. ಕೀಲಿ ಇಸಿದುಕೊಂಡು, ಯಜಮಾನನನ್ನು ಮನೆಯಲ್ಲೇ ಬಿಟ್ಟು, ಊರ ಸೀಮೆ ದಾಟಿದ ಮೇಲೆಯೇ ಬಾಯಿ ತೆರೆಯುವುದು. ಇದು ಕುರಿ ವ್ಯಾಪಾರದವರ ಪದ್ಧತಿ. ಗೂಟಕ್ಕೆ ಕಟ್ಟಿದ ಜೀವಕ್ಕೆ ಅದರ ಒಡೆಯನ ಅಂಗಳದಲ್ಲಿ ಹೆಸರಿಡಬಾರದು, ಎಂದರೆ ಕುಂದು ಎತ್ತಿ ಆಡಬಾರದು. ಖರೀದಿಗೆ ಮನಸ್ಸಿಲ್ಲದಿದ್ದರೆ ನೀರು ಕುಡಿದು ಎದ್ದು ಬರಬೇಕು, ಅಷ್ಟೆ. ಮಾಳುವಿಗೆ ಇದನ್ನು ಕಲಿಸಿದವನು ಸೋದರಮಾವ ಜಕ್ಕಪ್ಪ, ಮಾಯವ್ವನ ತಮ್ಮ, ಒಂದು ಕಾಲಕ್ಕೆ ಸುತ್ತಲ ಸಂತೆಗಳಲ್ಲಿ ಹೆಸರಾದ ಕುರಿ ವ್ಯಾಪಾರಿ. ಅಪ್ಪನಿಲ್ಲದ ಹುಡುಗನನ್ನು ಸಾಕಿದವನೂ ಅವನೇ. ಮುಂದೆ ಮಗಳು ಪೂನಮ್‌ಳನ್ನೂ ಕೊಟ್ಟು ಅಳಿಯನನ್ನು ಎರಡೆರಡು ಸಲ ಅಳಿಯನನ್ನಾಗಿ ಮಾಡಿಕೊಂಡಿದ್ದ.

ಇಷ್ಟೆಲ್ಲ ಸರಿಯಾಗಿ ನಡೆದಿತ್ತು. ಮರುವರ್ಷ ಬಸವ ಜಯಂತಿಯ ದಿನ ಜಕ್ಕಪ್ಪ ಮಗ ಶಶಿಕಾಂತನಿಗೆ ಜಮಖಂಡಿಯ ಮುಧೋಳ ರಸ್ತೆಯಲ್ಲಿ ಹಳೇ ಕಾರುಗಳ ಅಂಗಡಿ ಹಾಕಿಕೊಟ್ಟ.

ನನ್ನನ್ನೂ ಕರೆದಿದ್ದರು. ಸಾಹಿತಿಗಳು ಅಂತ ಅಲ್ಲ, ಬೆನ್ನು ಪ್ರಸಿದ್ಧವಾಗಿತ್ತಲ್ಲ ಅದಕ್ಕೆ. ಕಾರುಗಳು ಮೈ ತೊಳೆದು, ಗಾಲಿಗೆ ಕಪ್ಪು ಬಳಿದುಕೊಂಡು, ಬಾನೆಟ್ ತುಂಬ ಬೀರೇಶ್ವರನ ಭಂಡಾರ ಹಚ್ಚಿಸಿಕೊಂಡು ಹಳದಿಯಾಗಿ ನಿಂತಿದ್ದವು. ಬೀಗರು ಕುರ್ಚಿಗಳಲ್ಲಿ, ಊಟದ ವಾಸನೆ ಹಿಂದುಗಡೆ. ಪಟಕ ಸುತ್ತಿದ ಜಕ್ಕಪ್ಪ ಎಲ್ಲರೆದುರು ಅಳಿಯನ ಹೆಗಲ ಮೇಲೆ ಕೈಯಿಟ್ಟ.

"ಮಾಳ್ಯಾ, ಮೊಬೈಲ್ ತಗಿ. ನಾಕು ಛಲೋ ಮಾತ ಹೇಳು."

"ಕೀಲಿ ಕೊಡ್ರಿ ಮಾವಾ. ಊರ ಹೊರಗ ಒಯ್ದು ಬರ್ತೀನಿ."

"ಹೊರಗ್ಯಾಕೋ? ಇಲ್ಲೇ ಹೇಳು. ಬೀಗರು ಕುಂತಾರ, ಅವರೂ ಕೇಳ್ಲಿ."

"ಇಲ್ಲಿ ಹೆಂಗ್ರಿ."

"ಹೆಂಗಂದ್ರ? ಕಂಡವರ ಗಾಡಿಗೆ ಬಾಯಿ ಐತಿ, ಮಾವನ ಗಾಡಿಗೆ ಇಲ್ಲೇನು?"

ಶಶಿಕಾಂತ ಒಂದು ಕಾರಿನ ಬಾಗಿಲು ತೆರೆದು ಅತ್ತೆ ಮಾಯವ್ವನನ್ನು ಕರೆದ: "ಅತ್ತೀ, ನೀವರೆ ಕುಂಡ್ರ ಬರ್ರಿ, ಎಲ್ಲಾರೂ ನಿಮ್ಮನ್ನ ನೋಡಾಕತ್ತಾರ."

"ನಿಂತ ಗಾಡ್ಯಾಗ ಕುಂತ್ರ ಸೊಂಟಕ್ಕೇನ್ ತಿಳೀತೈತ್ಯೋ ತಮ್ಮಾ" ಎಂದು ಮಾಯವ್ವ ಕುರ್ಚಿ ಬಿಟ್ಟು ಏಳಲಿಲ್ಲ.

ಮಾಳು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಹೊಗಳಿದರೆ, ಅವನ ಮಾತು ನಂಬಿ ಗಾಡಿ ಕೊಳ್ಳುವ ಜನರಿಗೆ ಸುಳ್ಳಾಡಿದಂತೆ. ತೆಗಳಿದರೆ, ಸಾಕಿದ ಮಾವನ ಅಂಗಳದಲ್ಲಿ ಮಾವನ ಮರ್ಯಾದೆ ಕಳೆದಂತೆ. ಅವನು ಮೊಬೈಲನ್ನು ತನ್ನ ಮುಖಕ್ಕೆ ಹಿಡಿದು, ಎಂದಿನ ನಿಟ್ಟುಸಿರು ಬಿಟ್ಟು, ಎಂದಿನ ದನಿಯಲ್ಲಿ ಹೇಳಿದ:

"ಬಂದೇವ್ರಿ. ಇದು ನಮ್ಮ ಮಾವನ ಅಂಗಡಿ. ಇಲ್ಲಿ ನಿಂತು ನಾ ಗಾಡಿಗೆ ಹೆಸರಿಡೂದಿಲ್ಲ, ಹೊಗಳೂದೂ ಇಲ್ಲ. ನೀವ ಬರ್ರಿ. ನಿಮ್ಮ ನಿಮ್ಮ ಅವ್ವಗೋಳನ್ನ ಕರಕೊಂಡು ಬರ್ರಿ. ಹಿಂದ ಕುಂಡ್ರಿಸಿ, ಊರು ದಾಟಿಸಿ ತಿರುಗಿಸಿ ನೋಡ್ರಿ. ಅವರು ಏನಂತಾರೋ ಅದ ಖರೆ. ಊಟಕ್ಕ ಹೋಳಿಗಿ ಐತ್ರಿ."

ಬೀಗರು ಹೋಳಿಗೆಯ ಮಾತಿಗೆ ಚಪ್ಪಾಳೆ ತಟ್ಟಿದರು. ಜಕ್ಕಪ್ಪನಿಗೂ ಆ ಕ್ಷಣಕ್ಕೆ ಏನೂ ಅನ್ನಿಸಲಿಲ್ಲ. ಅನ್ನಿಸಿದ್ದು ಮರುದಿನ, ಮುದುಕಿಯರು ಬರತೊಡಗಿದಾಗ.

ಬಂದರು ನೋಡಿ. ಹಿಪ್ಪರಗಿಯಿಂದ, ಬಾಡಗಂಡಿಯಿಂದ, ರಬಕವಿಯಿಂದ. ಕಾರು ಕೊಳ್ಳುವವರು ತಾಯಂದಿರನ್ನು ಕರೆತಂದರು. ಕೊಳ್ಳದವರೂ ಕರೆತಂದರು. ಜನ್ಮದಲ್ಲಿ ಕಾರು ಹತ್ತದ ತಾಯಂದಿರು ಮಕ್ಕಳು ಜೊತೆಗೆ ಇಲ್ಲದೆಯೂ ಟಂಟಂ ಆಟೋ ಹತ್ತಿ ಬಂದು, "ಮಾಳು ಬಾ ಅಂದಾನ" ಎಂದು ಹಿಂದಿನ ಸೀಟಿನಲ್ಲಿ ಕೂತರು. ಸೋಮವ್ವ ಎಂಬಾಕೆ ರೊಟ್ಟಿ ಗಂಟು ಕಟ್ಟಿಕೊಂಡೇ ಬಂದಿದ್ದಳು. ಬೆಳ್ಳಗಿನ ಗಾಡಿಯಲ್ಲಿ ಕೃಷ್ಣೆಯವರೆಗೆ ಹೋಗಿ, ಕಾಲು ತೊಳೆದು, ಉಂಡು ಬಂದಳು. "ಹೆಂಗೈತ್ಯವ್ವಾ?" ಎಂದು ಶಶಿಕಾಂತ ಆಸೆಯಿಂದ ಕೇಳಿದ. "ಒಂದ ನೋಡಿ ಹೆಂಗ್ ಹೇಳ್ಲೋ ಯಪ್ಪಾ? ಆ ಕೆಂಪಂದ್ರಾಗೂ ಒಯ್ಯಿ."

ಕೆಂಪನೆಯ ಕಾರು ಕೃಷ್ಣೆಯ ಸೇತುವೆಯ ನಟ್ಟ ನಡುವೆ ನಿಂತುಬಿಟ್ಟಿತು. ಸೋಮವ್ವ ಇಳಿದು, ಹಿಂದೆ ಬಂದ ಟಂಟಂ ಹತ್ತಿ ಊರಿಗೆ ಮರಳಿದಳು. ಕುರಿ ವ್ಯಾಪಾರದ ಕಟ್ಟಳೆ ಆಕೆಗೆ ಅನ್ವಯಿಸುತ್ತಿರಲಿಲ್ಲವಾಗಿ, ಸೇತುವೆಯಿಂದ ಜಮಖಂಡಿಯ ಬಜಾರದವರೆಗೆ ಒಬ್ಬರನ್ನೂ ಬಿಡದೆ ಹೇಳಿದಳು.

ಜಕ್ಕಪ್ಪ ಅಂದಿನಿಂದ ಅಳಿಯನ ಜೊತೆ ಮಾತು ಬಿಟ್ಟ. ಅಕ್ಕನಿಗೆ ಒಂದು ಮಾತು ಹೇಳಿ ಕಳಿಸಿದ: "ನಿನ್ನ ಮಗಾ ನನ್ನ ಅಂಗಡ್ಯಾಗ ಮುದುಕ್ಯಾರ ಸಂತಿ ಕೂಡಿಸ್ಯಾನ."

ಮಳೆಗಾಲ ಬಂತು. ಪಂಚಮಿ ಹತ್ತಿರಾಯಿತು. ನಮ್ಮ ಕಡೆ ಪಂಚಮಿಯೆಂದರೆ ತವರಿನ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಜೀಕಬೇಕು. ಕರೆಯಲು ಬರದಿದ್ದರೆ ಆ ಹೆಣ್ಣಿಗೆ ತವರು ಬಾಗಿಲು ಮುಚ್ಚಿದ ಹಾಗೆ. ಓಣಿಯಲ್ಲಿ ಒಬ್ಬೊಬ್ಬರೇ ಚೀಲ ಹಿಡಿದು ಹೊರಟರು. ಪೂನಮ್ ಬಾಗಿಲಲ್ಲಿ ನಿಂತು ಅವರನ್ನೆಲ್ಲ ಕಳಿಸಿಕೊಟ್ಟಳು. ಶಶಿಕಾಂತ ಬರಲಿಲ್ಲ.

ಒಂದು ಮಧ್ಯಾಹ್ನ ನಾನು ಹಿಪ್ಪರಗಿಗೆ ಹೋದಾಗ ಮಾಳು ಊಟಕ್ಕೆ ಕೂತಿದ್ದ. ರೊಟ್ಟಿ ಮುರಿಯುವಷ್ಟರಲ್ಲಿ ಫೋನು. ಆ ಕಡೆಯವನಿಗೆ ಬಿಳಿ ತಗೊಳ್ಳಲೋ ಕಂದು ತಗೊಳ್ಳಲೋ ಎಂಬ ಚಿಂತೆ. ಗಾಡಿ ಛಲೋ ಆದರೆ ಕೊಂಡವನ ನಸೀಬು, ಕೆಟ್ಟರೆ ಮಾಳುವಿಗೆ ಫೋನು, ಇದು ಅವನ ನಿತ್ಯದ ಪಾಡು.

"ಎಲ್ಲಾರಿಗೂ ಹೇಳ್ರಿ" ಎಂದಳು ಪೂನಮ್ ಒಲೆಯ ಕಡೆಯಿಂದ. "ಊರ ಮಂದೀಗೆ ಖರೆ ಹೇಳಾಕ ಹೋಗಿ ನನ್ನ ತವರಮನಿ ದಾರಿ ಕಳದ್ರಿ."

"ನಾ ಏನೂ ಹೇಳಿಲ್ಲಲ್ಲ."

"ಅದನ್ನರೆ ಬಾಯಿ ಮುಚ್ಕೊಂಡು ಹೇಳಬೇಕಿತ್ತು."

ಮಾಳು ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಗಿಳಿಸಿದ. ನನ್ನತ್ತ ತಿರುಗಿ, "ಸರ, ನೀವು ಒಂದ ಮಾತ ಮಾವನ ಕಡೆ ಹೋಗಿ ಬರ್ರಿ. ಅಕಿ ಮಾರಿ ನೋಡಾಕ ಆಗವಲ್ದು" ಎಂದ. ಅವನ ದನಿಯಲ್ಲಿ ದಣಿವಲ್ಲದ ಬೇರೇನೋ ಇದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಂಧಾನಕ್ಕೆ ಹೋಗುವವನಿಗೆ ಬೇಕಾದ ಗಾಂಭೀರ್ಯ ನನಗೆ ಮೊದಲಿನಿಂದಲೂ ಇಲ್ಲ. ಆದರೂ ಹೋದೆ. ಜಕ್ಕಪ್ಪ ಅಂಗಡಿಯ ಮುಂದೆ ಕಂಬಳಿ ಹಾಸಿ ಕೂತಿದ್ದ. ಕೆಂಪು ಕಾರು ಕಾಣಲಿಲ್ಲ. ಅದನ್ನೂ ಇನ್ನೂ ಕೆಲವನ್ನೂ ಅಪ್ಪ ತಂದಲ್ಲಿಗೇ ವಾಪಸು ಕಳಿಸಿದನೆಂದು ಶಶಿಕಾಂತ ಕಿವಿಯಲ್ಲಿ ಹೇಳಿದ. ಉಳಿದವನ್ನು ಜನ ಬಂದು ಒಯ್ಯುತ್ತಿದ್ದಾರಂತೆ, ಈಗೀಗ ಮುದುಕಿಯರು ತಾವೇ ಮಗನಿಗೆ ಗಂಟು ಬೀಳುತ್ತಾರಂತೆ.

"ಸಿಟ್ಟು ಇಳೀಲಿಲ್ಲೇನ್ರಿ ಜಕ್ಕಪ್ಪನವರ?" ಎಂದೆ.

"ಸಿಟ್ಟೇನಿಲ್ರಿ ಸರ. ಅಂವ ಮಾಡಿದ್ದು ಬರೋಬ್ಬರಿ ಐತಿ. ನಾ ಕಲಿಸಿದ್ದ ಅದು."

"ಹಂಗಾರ ಮಾತಾಡ್ರಿ."

"ಮಾತಾಡೂದಿಲ್ಲ."

"ಯಾಕ್ರಿ?"

"ಬರೋಬ್ಬರಿ ಮಾಡಿದವನ ಮುಂದ ಹೋಗಿ ಏನಂತ ಮಾತಾಡೂದ್ರಿ? ತಪ್ಪ ಮಾಡಿದ್ರ ಬೈದು ಕೂಡಿಸ್ಕೋತಿದ್ದೆ."

ಎದ್ದು ಬರುವಾಗ ಅವನ ತೊಡೆಯ ಮೇಲಿದ್ದ ಮೊಬೈಲು ಕಣ್ಣಿಗೆ ಬಿತ್ತು, ಅದರಲ್ಲಿ ಮಾಳುವಿನದೇ ಒಂದು ವಿಡಿಯೋ. ಕೆಸರಿನ ದಾರಿ, ನಿಂತ ಗಾಡಿ, ಬಾಗಿಲಲ್ಲಿ ಒಂದು ಕಾಲು ಹೊರಗಿಟ್ಟ ಮಾಯವ್ವ. ಮುದುಕ ಬೆರಳಿನಿಂದ ಅದನ್ನು ಹಿಂದೆ ಸರಿಸಿ ಸರಿಸಿ, ಅಕ್ಕನ ಕಾಲು ನೆಲ ಮುಟ್ಟುವುದನ್ನು ನೋಡುತ್ತಿದ್ದ.

ಹಿಪ್ಪರಗಿಗೆ ಹೋಗಿ ಸೋಲು ಒಪ್ಪಿಸುವ ಉತ್ಸಾಹ ನನಗಿರಲಿಲ್ಲ. ಪಂಚಮಿಗೆ ಎರಡು ದಿನವಿದೆ ಎನ್ನುವಾಗ ಮಾಳುವೇ ಜಮಖಂಡಿಯ ಬಜಾರದಲ್ಲಿ ಸಿಕ್ಕ. ಕೈಯಲ್ಲಿ ಬಳೆಯ ಪೊಟ್ಟಣ, ಮುಖದಲ್ಲಿ ಎಂದಿನ ದಣಿವು.

"ಮಾವ ಮಾತಾಡಿದ್ರೇನಪಾ?"

"ಮಾತಾಡಿಲ್ರಿ. ಕಾಮೆಂಟ್ ಹಾಕ್ಯಾರ."

ತೆಗೆದು ತೋರಿಸಿದ. ಕೆಸರಿನ ದಾರಿಯ ಆ ವಿಡಿಯೋದ ಕೆಳಗೆ, 'ಮೈಲೇಜ್ ಎಷ್ಟು ಅಣ್ಣಾ' ಎಂದು ಕೇಳಿದವನಿಗೂ ಬರೀ ಕೈಮುಗಿದ ಚಿತ್ರ ಹಾಕಿದವನಿಗೂ ನಡುವೆ, ಜಕ್ಕಪ್ಪನ ಹೆಸರಿನಲ್ಲಿ ಒಂದು ಸಾಲು: 'ಪೂನಮ್‌ನ ಕರಿಯಾಕ ನಾಳಿ ಶಶಿಕಾಂತ ಬರ್ತಾನ, ಅಕ್ಕನ್ನೂ ಕಳಿಸು, ನೀನೂ ಬಾ.' ಅದರ ಕೆಳಗೆ ಗುರುತಿಲ್ಲದ ಮಂದಿ ಸಾಲುಗಟ್ಟಿ ಕೇಳಿದ್ದರು, ಯಾವ ಗಾಡಿ ತರ್ತಾರ, ನಾವೂ ಬರಬಹುದೇನು, ಹೋಳಿಗಿ ಇರ್ತೈತೇನು ಎಂದು.

ಇಷ್ಟು ತಿಂಗಳ ಮೇಲೆ ಸಾಕಿದ ಮಾವ ಕರೆದಿದ್ದಾನೆ, ಲೋಕವೆಲ್ಲ ನೋಡುವ ಹಾಗೆ ಕರೆದಿದ್ದಾನೆ.

"ಮತ್ತ ನೀ ಏನಂದ್ಯಪಾ?" ಎಂದು ಕೇಳಿದೆ.

ಮಾಳು ಮೊಬೈಲನ್ನು ಜೇಬಿಗಿಳಿಸಿದ.

"ಲೈಕ್ ಒತ್ತೀನ್ರಿ."